ಡಿಸೆಂಬರಿನ ಸೋಲು, ಮಾರ್ಚಿನ ಗೆಲುವು

ಲೋಕಸಭೆ ಚುನಾವಣೆಯ ಮತ ಎಣಿಕೆಯಲ್ಲಿ ಒಂದು ಪದ್ಧತಿ ಉಂಟು. ಇಡೀ ಕ್ಷೇತ್ರದ ಓಟುಗಳನ್ನು ಒಂದೇ ರಾಶಿ ಮಾಡಿ ಎಣಿಸುವುದಿಲ್ಲ. ಒಳಗಿನ ಒಂದೊಂದು ವಿಧಾನಸಭಾ ಕ್ಷೇತ್ರದ ಲೆಕ್ಕವನ್ನೂ ಬೇರೆ ಬೇರೆ ಬರೆದು, ಆಮೇಲೆ ಕೂಡುತ್ತಾರೆ. ಗೆದ್ದವರು ಯಾರು ಎಂಬುದು ಕೊನೆಯ ಮೊತ್ತದಲ್ಲಿ ತಿಳಿಯುತ್ತದೆ. ಆದರೆ ಆಯಾ ಕ್ಷೇತ್ರದ ಶಾಸಕನಿಗೆ ಆ ಮೊತ್ತದ ಗೊಡವೆ ಕಡಿಮೆ. ಅವನ ಕಣ್ಣು ನೆಡುವುದು ತನ್ನ ಕ್ಷೇತ್ರದ ಹೆಸರಿರುವ ಸಾಲಿನ ಮೇಲೆ. ನನ್ನ ಪಕ್ಷಕ್ಕೆ ಇಲ್ಲಿ ಎಷ್ಟು ಬಿತ್ತು, ಎದುರಿನವನಿಗೆ ಎಷ್ಟು, ನಾಳೆಯೇ ನನ್ನ ಚುನಾವಣೆ ಬಂದರೆ ನಾನು ಉಳಿಯುತ್ತೇನೆಯೇ?

1984ರ ಡಿಸೆಂಬರ್ ಕೊನೆಯಲ್ಲಿ ಕರ್ನಾಟಕದ ಜನತಾ ಪಕ್ಷದ ಶಾಸಕರು ಎದೆ ಹಿಡಿದುಕೊಂಡು ಓದಿದ್ದು ಆ ಸಾಲನ್ನು. ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ 24 ಗೆದ್ದಿತ್ತು, ಜನತಾ ಪಕ್ಷಕ್ಕೆ ದಕ್ಕಿದ್ದು 4. ಬೆಂಗಳೂರು ದಕ್ಷಿಣದಲ್ಲಿ ವಿ.ಎಸ್. ಕೃಷ್ಣ ಅಯ್ಯರ್, ಮಂಡ್ಯದಲ್ಲಿ ಕೆ.ವಿ. ಶಂಕರಗೌಡರಂಥ ಕೆಲವರು ಮಾತ್ರ ದಡ ಸೇರಿದ್ದರು. ಬೆಂಗಳೂರು ಉತ್ತರದಲ್ಲಿ ಜಾರ್ಜ್ ಫರ್ನಾಂಡಿಸ್ ಅಂಥವರೇ ಜಾಫರ್ ಷರೀಫರ ಎದುರು ಸೋತಿದ್ದರು. ಮೈಸೂರಿನಲ್ಲಿ ಅರಮನೆಯ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್, ಚಾಮರಾಜನಗರದಲ್ಲಿ ವಿ. ಶ್ರೀನಿವಾಸ ಪ್ರಸಾದ್, ಇಬ್ಬರೂ ಕಾಂಗ್ರೆಸ್ಸಿನಿಂದ ಗೆದ್ದರು. ಚಾಮರಾಜನಗರ ಲೋಕಸಭಾ ಕ್ಷೇತ್ರದೊಳಗಿನ ಗುಂಡ್ಲುಪೇಟೆ ತಾಲ್ಲೂಕು ಆಗ ಮೈಸೂರು ಜಿಲ್ಲೆಯಲ್ಲಿತ್ತು. ಚಾಮರಾಜನಗರ ಜಿಲ್ಲೆ ಆಗಲು ಇನ್ನೂ 13 ವರ್ಷ ಬಾಕಿ. ತಾಲ್ಲೂಕಿನ ಭೀಮನಬೀಡು, ಬೇಗೂರು, ತೆರಕಣಾಂಬಿಯ ಓಟುಗಳೂ ಶ್ರೀನಿವಾಸ ಪ್ರಸಾದರ ಲೆಕ್ಕದಲ್ಲೇ ಸೇರಿ ಎಣಿಕೆಯಾದವು.

ಡಿಸೆಂಬರ್ 29ರಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಹಾಗೆ ಕೊಡಲೇಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ನಡೆದದ್ದು ದಿಲ್ಲಿಯ ಚುನಾವಣೆ, ಬೆಂಗಳೂರಿನದಲ್ಲ. ವಿಧಾನಸಭೆಯಲ್ಲಿ ಅವರ ಸರ್ಕಾರದ ವಿರುದ್ಧ ಅವಿಶ್ವಾಸ ಗೊತ್ತುವಳಿ ಅಂಗೀಕಾರವಾಗಿರಲಿಲ್ಲ. ಐದು ವರ್ಷದ ಅವಧಿಯಲ್ಲಿ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಹೀಗಿದ್ದೂ, ಜನ ನಮ್ಮ ಪಕ್ಷವನ್ನು ಒಪ್ಪಿಲ್ಲ, ಆದ್ದರಿಂದ ಆಳುವ ನೈತಿಕ ಹಕ್ಕು ನಮಗಿಲ್ಲ, ಸಭೆ ವಿಸರ್ಜನೆಯಾಗಲಿ, ಜನರ ಮುಂದೆಯೇ ಹೋಗೋಣ ಎಂಬುದು ಅವರ ನಿಲುವು. ರಾಜ್ಯಪಾಲ ಎ.ಎನ್. ಬ್ಯಾನರ್ಜಿ ಅವರು ಚುನಾವಣೆ ಮುಗಿಯುವ ತನಕ ಅವರನ್ನೇ ಹಂಗಾಮಿಯಾಗಿ ಮುಂದುವರಿಸಿದರು.

ಈ ರಾಜೀನಾಮೆಯನ್ನು ನಮ್ಮಲ್ಲಿ ನೆನೆಯುವವರು ಎರಡು ಪಂಗಡ. ಒಬ್ಬರು ಅದನ್ನು ಮೌಲ್ಯಾಧಾರಿತ ರಾಜಕಾರಣದ ಶಿಖರ ಎನ್ನುತ್ತಾರೆ. ಇನ್ನೊಬ್ಬರು ಚಾಣಾಕ್ಷನ ಲೆಕ್ಕಾಚಾರ ಎನ್ನುತ್ತಾರೆ. ನನಗೆ ಎರಡೂ ನಿಜವೆನಿಸುತ್ತದೆ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಲೇಬೇಕು ಎಂದು ಹಟ ಹಿಡಿಯುವುದರಲ್ಲೇ ಈ ಕಥೆ ಕೆಡುವುದು. ಲೆಕ್ಕ ಏನಿತ್ತು ಎಂದು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೆಗಡೆಯವರ ಸರ್ಕಾರ ಹುಟ್ಟಿದ್ದೇ ಊರುಗೋಲಿನ ಮೇಲೆ. 1983ರ ಜನವರಿ 5ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಜನತಾ ಪಕ್ಷ ಮತ್ತು ಅದರ ಜೊತೆಗಿದ್ದ ಕ್ರಾಂತಿರಂಗಕ್ಕೆ ಬಂದದ್ದು 95. ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18, ಎರಡು ಕಮ್ಯುನಿಸ್ಟ್ ಪಕ್ಷಗಳಿಗೆ ತಲಾ 3, ಪಕ್ಷೇತರರಿಗೆ 22. ನರಗುಂದ, ನವಲಗುಂದಗಳ ರೈತರ ಮೇಲೆ ಗುಂಡು ಹಾರಿಸಿದ ಕೋಪ, ಗೋಕಾಕ್ ಚಳವಳಿಯ ಬಿಸಿ, ಕಾಂಗ್ರೆಸ್ ಮುಖ್ಯಮಂತ್ರಿ ಗುಂಡೂರಾಯರ ದರ್ಬಾರು, ಎಲ್ಲ ಸೇರಿ ಕಾಂಗ್ರೆಸ್ಸನ್ನು ಕೆಡವಿದ್ದವು. ಸ್ವತಃ ಗುಂಡೂರಾಯರು ಸೋಮವಾರಪೇಟೆಯಲ್ಲಿ ಸೋತಿದ್ದರು. ಆದರೂ ರಾಜ್ಯದ ಒಟ್ಟು ಮತಗಳಲ್ಲಿ ಕಾಂಗ್ರೆಸ್ಸೇ ಮುಂದಿತ್ತು. ಅದಕ್ಕೆ ಶೇಕಡ 40ರಷ್ಟು, ಜನತಾಕ್ಕೆ ಶೇಕಡ 33ರಷ್ಟು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಎಂದು ನಾವು ಸಂಭ್ರಮಿಸುವ ಆ ಗೆಲುವಿನ ಬುಡ ಇಷ್ಟು ತೆಳು.

ಮುಖ್ಯಮಂತ್ರಿ ಯಾರೆಂಬ ಪ್ರಶ್ನೆಯೂ ಸಲೀಸಾಗಿ ಬಗೆಹರಿಯಲಿಲ್ಲ. ಬಂಗಾರಪ್ಪ ಆಗುತ್ತಾರೆಂದು ಬಹಳ ಮಂದಿ ಎಣಿಸಿದ್ದರು. ದೇವೇಗೌಡರಿದ್ದರು, ಬೊಮ್ಮಾಯಿ ಇದ್ದರು. ಕೊನೆಗೆ ಎಲ್ಲರೂ ಒಪ್ಪಿದ್ದು ಆ ಚುನಾವಣೆಗೆ ನಿಂತೇ ಇರದ ಹೆಗಡೆಯವರನ್ನು. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು, ನಿಜಲಿಂಗಪ್ಪನವರ ಗರಡಿಯಲ್ಲಿ ಪಳಗಿದವರು, ಜನತಾ ಪಕ್ಷದ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿ. ಜನವರಿ 10ರಂದು ಪ್ರಮಾಣವಚನ ತೆಗೆದುಕೊಂಡರು. ಪಿ.ಜಿ.ಆರ್. ಸಿಂಧ್ಯ ತೆರವು ಮಾಡಿಕೊಟ್ಟ ಕನಕಪುರದಿಂದ ಉಪಚುನಾವಣೆ ಗೆದ್ದು ಶಾಸಕರಾದರು. ಬಿಜೆಪಿಯವರು ಒಂದು ಕಡೆ, ಎಡಪಕ್ಷದವರು ಇನ್ನೊಂದು ಕಡೆ ನಿಂತು ಹೊರಗಿನಿಂದ ಬೆಂಬಲ ಕೊಟ್ಟರು. ಬಂಗಾರಪ್ಪ ಮುನಿಸಿಕೊಂಡು ಹೊರಟು, ಮುಂದೆ ಕಾಂಗ್ರೆಸ್ಸಿಗೇ ಮರಳಿದರು.

ಆಗ ಪಕ್ಷಾಂತರ ನಿಷೇಧದ ಕಾನೂನು ಇರಲಿಲ್ಲ. ಶಾಸಕನೊಬ್ಬ ಬೆಳಗ್ಗೆ ಒಂದು ಪಕ್ಷದಲ್ಲಿದ್ದು ಸಂಜೆಗೆ ಇನ್ನೊಂದಕ್ಕೆ ಹೋದರೆ ಅವನ ಸದಸ್ಯತ್ವಕ್ಕೇನೂ ಆಗುತ್ತಿರಲಿಲ್ಲ. 1984ರಲ್ಲಿ ಪಕ್ಕದ ಆಂಧ್ರದಲ್ಲಿ ನಡೆದದ್ದನ್ನು ಹೆಗಡೆ ಹತ್ತಿರದಿಂದ ನೋಡಿದ್ದರು. ಆಗಸ್ಟ್ 16ರಂದು ಎನ್.ಟಿ. ರಾಮರಾವ್ ಸರ್ಕಾರವನ್ನು ರಾಜ್ಯಪಾಲರು ವಜಾ ಮಾಡಿದರು. ರಾಮರಾಯರ ಶಾಸಕರನ್ನು ಕರೆತಂದು ಕಾಪಾಡಿಟ್ಟದ್ದು ಕರ್ನಾಟಕದಲ್ಲಿ, ಹೆಗಡೆಯವರ ಆಸರೆಯಲ್ಲಿ. ಒಂದು ತಿಂಗಳಲ್ಲಿ ರಾಮರಾಯರು ಮತ್ತೆ ಕುರ್ಚಿಗೆ ಬಂದರು. ಅದಕ್ಕೂ ಮುಂಚೆ ಜುಲೈಯಲ್ಲಿ ಕಾಶ್ಮೀರದ ಫಾರೂಕ್ ಅಬ್ದುಲ್ಲಾ ಅವರ ಸರ್ಕಾರ ಬಿದ್ದಿತ್ತು. ಮುಂದಿನ ಸರದಿ ಯಾರದು ಎಂದು ಬೆಂಗಳೂರಿನಲ್ಲಿ ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಅಕ್ಟೋಬರ್ 31. ಇಂದಿರಾ ಗಾಂಧಿಯವರ ಹತ್ಯೆ. ರೇಡಿಯೋದಲ್ಲಿ ಶೋಕ ಸಂಗೀತ ಶುರುವಾಯಿತು. ಕರ್ನಾಟಕದ ಹಳ್ಳಿಗಳಿಗೂ ಆಕೆಗೂ ಇದ್ದ ಸಂಬಂಧ ಬೇರೆ ಬಗೆಯದು. ದೇಶವೆಲ್ಲ ಕೈಬಿಟ್ಟಿದ್ದಾಗ 1978ರಲ್ಲಿ ಚಿಕ್ಕಮಗಳೂರು ಆಕೆಯನ್ನು ಲೋಕಸಭೆಗೆ ಕಳಿಸಿತ್ತು. ಉಳುವವನಿಗೆ ಭೂಮಿ, ಬಡವರಿಗೆ ನಿವೇಶನ ಎಂಬವೆಲ್ಲ ದೇವರಾಜ ಅರಸರ ಕಾಲದಲ್ಲಿ ಬಂದರೂ ಕೀರ್ತಿಯಲ್ಲಿ ಅರ್ಧ ‘ಇಂದ್ರಮ್ಮ’ನ ಹೆಸರಿಗೇ ಹೋಗಿತ್ತು. ಡಿಸೆಂಬರ್ 24 ಮತ್ತು 27ರ ಸುಮಾರಿಗೆ ಮತದಾನ ನಡೆದಾಗ ಓಟು ಬಿದ್ದದ್ದು ದುಃಖಕ್ಕೆ. ಎದುರಿಗಿದ್ದವರು ಯಾರೆಂಬುದು ಆ ಹೊತ್ತಿನಲ್ಲಿ ಮುಖ್ಯವಾಗಲಿಲ್ಲ. ದೇಶದಲ್ಲಿ ಕಾಂಗ್ರೆಸ್ಸಿಗೆ 400ಕ್ಕೂ ಹೆಚ್ಚು ಸ್ಥಾನ. ಜನತಾ ಪಕ್ಷದ ಅಧ್ಯಕ್ಷ ಚಂದ್ರಶೇಖರ್ ಬಲಿಯಾದಲ್ಲಿ ಸೋತರು, ವಾಜಪೇಯಿ ಗ್ವಾಲಿಯರಿನಲ್ಲಿ ಸೋತರು. ಇಡೀ ದೇಶದಲ್ಲಿ ಜನತಾ ಪಕ್ಷ ಗೆದ್ದದ್ದು 10 ಸ್ಥಾನ.

ಇನ್ನು ಲೆಕ್ಕಕ್ಕೆ ಬರೋಣ. ಲೋಕಸಭೆಯಲ್ಲಿ ಸೋತ ಪಕ್ಷ ರಾಜ್ಯದಲ್ಲಿ ಆಳಬಾರದು ಎಂಬ ವಾದವನ್ನು ಹೆಗಡೆ ಕಂಡುಹಿಡಿದದ್ದಲ್ಲ. ಅದನ್ನು ಮೊದಲು ಜೋರಾಗಿ ಮಂಡಿಸಿದವರು ಅವರದೇ ಪಕ್ಷದವರು, 1977ರಲ್ಲಿ. ದಿಲ್ಲಿಯಲ್ಲಿ ಜನತಾ ಸರ್ಕಾರ ಬಂದ ಕೂಡಲೆ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಇದೇ ಕಾರಣ ಹೇಳಿ ಕಿತ್ತುಹಾಕಲಾಯಿತು. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದಾಗ ಅದೇ ಕಾರಣ ಹೇಳಿ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಬಡ್ಡಿ ಸಮೇತ ತೀರಿಸಿದರು ಎನ್ನಬಹುದು. ಹೀಗಿರುವಾಗ 95 ಶಾಸಕರ, ಹೊರಗಿನ ಬೆಂಬಲದ ಸರ್ಕಾರವೊಂದು 24–4ರ ಏಟು ತಿಂದು, 400 ಸ್ಥಾನ ಗೆದ್ದ ದಿಲ್ಲಿಯ ಎದುರು ಎಷ್ಟು ದಿನ ಬಾಳುತ್ತಿತ್ತು? ತಳ್ಳಿಸಿಕೊಂಡು ಇಳಿಯುವುದಕ್ಕಿಂತ ತಾವಾಗಿ ಇಳಿಯುವುದು ಮೇಲು. ಅಷ್ಟು ಬುದ್ಧಿ ಹೆಗಡೆಯವರಿಗೆ ಧಾರಾಳವಾಗಿತ್ತು.

ಆದರೆ ಈ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಇಳಿಯುವುದಕ್ಕೆ ಎರಡು ದಾರಿ ಇದ್ದವು. ಇನ್ನೊಂದು ದಾರಿ ಎಂಥದೆಂದು ಐದು ವರ್ಷ ಹಿಂದೆಯೇ ಕರ್ನಾಟಕ ನೋಡಿತ್ತು.

ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಗುಂಡ್ಲುಪೇಟೆಯವರ ಪಾಲಿಗೆ ಜಿಲ್ಲೆಯ ಮನುಷ್ಯ. 1977ರಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕದ 28ರಲ್ಲಿ 26 ಗೆದ್ದುಕೊಟ್ಟವರು ಅವರು. ಆ ವರ್ಷದ ಕೊನೆಗೆ ಕೇಂದ್ರ ಅವರ ಸರ್ಕಾರವನ್ನು ವಜಾ ಮಾಡಿತು. 1978ರ ಫೆಬ್ರುವರಿಯಲ್ಲಿ ಅವರು ಮತ್ತೆ ಗೆದ್ದು ಬಂದರು. 1979ರಲ್ಲಿ ಇಂದಿರಾ ಜೊತೆ ವಿರಸ ಬೆಳೆದು ಪಕ್ಷದಿಂದ ಹೊರಬಿದ್ದರು. ಆಗಲೂ ಶಾಸಕರ ದೊಡ್ಡ ಪಾಲು ಅರಸರ ಹಿಂದೆಯೇ ನಿಂತಿತ್ತು, ಕುರ್ಚಿ ಅಲ್ಲಾಡಲಿಲ್ಲ. 1980ರ ಜನವರಿಯಲ್ಲಿ ಲೋಕಸಭೆಯ ಫಲಿತಾಂಶ ಬಂತು. 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ. ಉಳಿದ ಒಂದೂ ಅರಸರ ಪಕ್ಷಕ್ಕಲ್ಲ, ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದ ಟಿ.ಆರ್. ಶಾಮಣ್ಣನವರಿಗೆ.

ಅದಾದ ಮೇಲೆ ನಡೆದದ್ದು ಕೆಲವೇ ದಿನಗಳ ಕೆಲಸ. ಶಾಸಕರು ಆ ಸಾಲನ್ನು, ತಂತಮ್ಮ ಕ್ಷೇತ್ರದ ಲೆಕ್ಕದ ಸಾಲನ್ನು, ಓದಿಕೊಂಡರು. ಗುಂಪು ಗುಂಪಾಗಿ ಇಂದಿರಾ ಪಾಳೆಯಕ್ಕೆ ನಡೆದರು. ಅರಸು ರಾಜೀನಾಮೆ ಕೊಟ್ಟರು. ಜನವರಿ 12ಕ್ಕೆ ಗುಂಡೂರಾವ್ ಮುಖ್ಯಮಂತ್ರಿ. ಸದನ ಅದೇ, ಶಾಸಕರೂ ಅವರೇ, ಬದಲಾದದ್ದು ಕುರ್ಚಿಯ ಮೇಲಿನವರು ಮತ್ತು ಕೆಳಗಿನ ನಿಷ್ಠೆ. ಮತದಾರನನ್ನು ಯಾರೂ ಮತ್ತೆ ಕೇಳಲಿಲ್ಲ. ಎಂಟು ವರ್ಷ ರಾಜ್ಯದ ಹಳ್ಳಿಗಳ ಜಾತಿ ಲೆಕ್ಕವನ್ನೇ ಬದಲಿಸಿದ್ದ ಮನುಷ್ಯ ಹಾಗೆ ಇಳಿದರು. 1982ರಲ್ಲಿ ಕ್ರಾಂತಿರಂಗ ಕಟ್ಟಿ, ಅದರ ಗೆಲುವು ಕಾಣುವ ಮುಂಚೆ, ಆ ವರ್ಷದ ಜೂನ್ 6ರಂದು ತೀರಿಕೊಂಡರು.

ಹೆಗಡೆ ಸರ್ಕಾರದಲ್ಲಿದ್ದ ಎಷ್ಟೋ ಜನ ಅರಸರ ಆ ಜನವರಿಯನ್ನು ಕಣ್ಣಾರೆ ಕಂಡವರು. ಸುಮ್ಮನೆ ಕುಳಿತರೆ ಏನಾಗುತ್ತದೆಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸಭೆ ವಿಸರ್ಜನೆಯಾದರೆ ಮಾರಾಟಕ್ಕೆ ಶಾಸಕರೇ ಉಳಿಯುವುದಿಲ್ಲ. ಹೆಗಡೆಯವರ ನಡೆಯ ಚಾಣಾಕ್ಷತೆ ಇದ್ದದ್ದು ಇಲ್ಲಿ. ಅದರ ನೈತಿಕತೆ ಇದ್ದದ್ದೂ ಇಲ್ಲೇ. ಏಕೆಂದರೆ ಡಿಸೆಂಬರಿನ ಲೆಕ್ಕದ ಪ್ರಕಾರ ಹೊಸ ಚುನಾವಣೆಯಲ್ಲಿ ಅವರು ಸೋಲಬೇಕು. ವಿಧಾನಸಭಾ ಕ್ಷೇತ್ರವಾರು ನೋಡಿದರೆ ಬಹುಪಾಲು ಕಡೆ ಕಾಂಗ್ರೆಸ್ಸೇ ಮುಂದಿತ್ತು. ಆ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡೂ ಚುನಾವಣೆಗೆ ಹೋಗುವವನನ್ನು ಬರೀ ಲೆಕ್ಕಿಗ ಎಂದು ಕರೆಯುವುದು ಕಷ್ಟ.

ರಾಮರಾಯರೂ ಇದೇ ದಾರಿ ಹಿಡಿದರು. ಅವರಿಗೆ ಧೈರ್ಯಕ್ಕೆ ಆಧಾರವಿತ್ತು. ಇಂದಿರಾ ಅಲೆಯಲ್ಲೂ ತೆಲುಗು ದೇಶಂ 30 ಲೋಕಸಭಾ ಸ್ಥಾನ ಗೆದ್ದಿತ್ತು. ಹೆಗಡೆಯವರ ಕೈಯಲ್ಲಿದ್ದದ್ದು ನಾಲ್ಕು.

ಜನವರಿ, ಫೆಬ್ರುವರಿ. ಸಂಕ್ರಾಂತಿ ಮುಗಿದು, ರಾಗಿ ಒಕ್ಕಣೆಯೂ ಮುಗಿದು ಕಣ ಬರಿದಾಗುವ ಹೊತ್ತಿಗೆ ಗುಂಡ್ಲುಪೇಟೆ ಕಡೆಯ ರಸ್ತೆಗಳಲ್ಲಿ ಮತ್ತೆ ಮೈಕು ಕಟ್ಟಿದ ಜೀಪುಗಳು ಓಡಾಡತೊಡಗಿದವು. ಗೋಡೆಗಳ ಮೇಲೆ ಒಂದು ಕಡೆ ಹಸ್ತ, ಇನ್ನೊಂದು ಕಡೆ ಚಕ್ರದೊಳಗೆ ನೇಗಿಲು ಹೊತ್ತ ರೈತ. ಓಟಿನ ವಯಸ್ಸು ಆಗ 21. ಮತಯಂತ್ರ ಇರಲಿಲ್ಲ, ಉದ್ದನೆಯ ಮತಪತ್ರ, ರಟ್ಟಿನ ಮರೆ, ಶಾಯಿ ಮೆತ್ತಿದ ರಬ್ಬರ್ ಮೊಹರು. ಚಿಹ್ನೆಯ ಮೇಲೆ ಒತ್ತಿ, ಶಾಯಿ ಇನ್ನೊಂದು ಚಿಹ್ನೆಗೆ ಅಂಟದ ಹಾಗೆ ಮಡಿಸಿ ಪೆಟ್ಟಿಗೆಗೆ ಹಾಕಬೇಕು. ಅಡ್ಡಾದಿಡ್ಡಿ ಮಡಿಸಿದರೆ ಎಣಿಕೆಯ ಮೇಜಿನ ಮೇಲೆ ಏಜೆಂಟರ ಜಗಳ. ಎರಡೂವರೆ ತಿಂಗಳೊಳಗೆ ಎರಡು ಸಲ ಆ ಮೊಹರು ಹಿಡಿದ ಮತದಾರನಿಗೆ ಅಷ್ಟರಲ್ಲಿ ಚೆನ್ನಾಗಿ ಕೈ ಪಳಗಿತ್ತು.

ಇದರ ನಡುವೆ ದಿಲ್ಲಿಯಲ್ಲಿ ರಾಜೀವ್ ಗಾಂಧಿ ಸರ್ಕಾರ ಸಂವಿಧಾನದ 52ನೇ ತಿದ್ದುಪಡಿ ತಂದಿತು. ಪಕ್ಷಾಂತರ ನಿಷೇಧ ಕಾಯ್ದೆ 1985ರ ಮಾರ್ಚ್ 1ರಂದು ಜಾರಿಗೆ ಬಂತು. ಕರ್ನಾಟಕದಲ್ಲಿ ಮತದಾನಕ್ಕೆ ನಾಲ್ಕು ದಿನ ಮುಂಚೆ. ಅರಸರನ್ನು ಕೆಡವಿದ ರೀತಿಗೆ ಕಾನೂನಿನ ಬೇಲಿ ಬಿದ್ದದ್ದು ಅವರು ಹೋಗಿ ಎರಡೂ ಮುಕ್ಕಾಲು ವರ್ಷದ ಮೇಲೆ.

ಮಾರ್ಚ್ 5ರ ಮತದಾನದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಜನತಾ ಪಕ್ಷಕ್ಕೆ 139, ಕಾಂಗ್ರೆಸ್ಸಿಗೆ 65. ಹೊರಗಿನಿಂದ ಬೆಂಬಲ ಕೊಡುತ್ತಿದ್ದ ಬಿಜೆಪಿ 18ರಿಂದ 2ಕ್ಕೆ ಇಳಿಯಿತು. ಉಳಿದ ಇಬ್ಬರಲ್ಲಿ ಒಬ್ಬರು ಶಿಕಾರಿಪುರದ ಯಡಿಯೂರಪ್ಪ. ಹೆಗಡೆ ಈ ಸಲ ಬೆಂಗಳೂರಿನ ಬಸವನಗುಡಿಯಿಂದ ಗೆದ್ದರು, ಮಾರ್ಚ್ 8ರಂದು ಮತ್ತೆ ಪ್ರಮಾಣವಚನ ತೆಗೆದುಕೊಂಡರು. ಅದೇ ತಿಂಗಳು ಚುನಾವಣೆ ನಡೆದ ರಾಜ್ಯಗಳಲ್ಲಿ ಬಹುತೇಕ ಕಡೆ ಕಾಂಗ್ರೆಸ್ ಗೆದ್ದರೂ ಕರ್ನಾಟಕ, ಆಂಧ್ರಗಳಲ್ಲಿ ಸೋತಿತು. ಆಂಧ್ರದಲ್ಲಿ ತೆಲುಗು ದೇಶಂ 202 ಸ್ಥಾನ ಪಡೆಯಿತು.

ಈ ಫಲಿತಾಂಶವನ್ನು ವಿವರಿಸುವವರು ಸಾಮಾನ್ಯವಾಗಿ ಹೇಳುವ ಮಾತು: ಕನ್ನಡ ಮತದಾರ ಜಾಣ, ದಿಲ್ಲಿಗೆ ರಾಜೀವ್, ಬೆಂಗಳೂರಿಗೆ ಹೆಗಡೆ ಎಂದು ಬೇರ್ಪಡಿಸಿ ನೋಡಿದ. ಮಾತು ತಪ್ಪಲ್ಲ. ಆದರೆ ಅಂಕಿ ಇನ್ನೂ ಒಂದು ಸಂಗತಿ ಹೇಳುತ್ತದೆ. ಮಾರ್ಚಿನಲ್ಲೂ ಕಾಂಗ್ರೆಸ್ಸಿಗೆ ಬಿದ್ದ ಓಟು ಶೇಕಡ 40ರ ಮೇಲೇ ಇತ್ತು, 1983ರಲ್ಲಿ ಇದ್ದಷ್ಟೇ. ಜನತಾದ ಪಾಲು ಶೇಕಡ 33ರಿಂದ 43ರ ಆಚೆಗೆ ಏರಿತು. ಕಾಂಗ್ರೆಸ್ಸಿನ ಹಳೆಯ ಮನೆ ಕುಸಿಯಲಿಲ್ಲ, ಅದರ ಹೊರಗೆ ಚದುರಿ ನಿಂತಿದ್ದವರೆಲ್ಲ ಒಂದೇ ಚಪ್ಪರದ ಕೆಳಗೆ ಬಂದರು. ಬಿಜೆಪಿಯ, ಪಕ್ಷೇತರರ ಓಟುಗಳು ಹೆಗಡೆಯವರ ಹೆಸರಿನ ಕಡೆಗೆ ಸರಿದವು. ರಾಜೀನಾಮೆ ಮಾಡಿದ ಕೆಲಸ ಅದು. ಜನತಾ ಪಕ್ಷ ಎಂಬ ಕಚ್ಚಾಡುವ ಗುಂಪಿಗೆ ಓಟು ಕೊಡಲು ಹಿಂಜರಿಯುತ್ತಿದ್ದವರಿಗೆ, ಕುರ್ಚಿ ಬಿಟ್ಟು ಎದುರಿಗೆ ಬಂದು ನಿಂತ ಒಬ್ಬ ಮನುಷ್ಯ ಕಂಡ.

ಈ ಜಾಣತನದ ಕಥೆಗೆ ಗುಂಡ್ಲುಪೇಟೆ ಮಾತ್ರ ಒಗ್ಗಲಿಲ್ಲ. ಡಿಸೆಂಬರಿನಲ್ಲೂ ಹಸ್ತ, ಮಾರ್ಚಿನಲ್ಲೂ ಹಸ್ತ. ರಾಜ್ಯವೆಲ್ಲ ಹೆಗಡೆ ಹೆಗಡೆ ಎನ್ನುತ್ತಿದ್ದಾಗ ಇಲ್ಲಿ ಗೆದ್ದವರು ಕಾಂಗ್ರೆಸ್ಸಿನ ಕೆ.ಎಸ್. ನಾಗರತ್ನಮ್ಮ. ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. 1957ರಿಂದ ಈ ಕ್ಷೇತ್ರದ ಚುನಾವಣೆ ಎಂದರೆ ನಾಗರತ್ನಮ್ಮ. ಗೆಲ್ಲುವುದಾದರೂ ಅವರೇ, ಸೋಲಿಸುವುದಾದರೂ ಅವರನ್ನೇ. ಏಳು ಸಲ ಆರಿಸಿ ಬಂದವರು. 1972ರಿಂದ 1978ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು; ಆ ಪೀಠದ ಮೇಲೆ ಕುಳಿತ ಮೊದಲ ಮಹಿಳೆ. 1985ರ ವಿಧಾನಸಭೆಯಲ್ಲಿ ಮುಂದೆ ವಿರೋಧ ಪಕ್ಷದ ನಾಯಕಿಯೂ ಆದರು. ಇಂಥವರು ನಿಂತ ಕಡೆ ಗಾಳಿ ಬದಲಾದರೂ ಬೇರು ಅಲ್ಲಾಡುವುದಿಲ್ಲ. ಭೀಮನಬೀಡಿನಂಥ ಊರಿನ ಮತದಾರನಿಗೆ ಹೆಗಡೆಯವರ ರಾಜೀನಾಮೆಯ ಬಗ್ಗೆ ಗೌರವ ಇರಲಿಲ್ಲವೆಂದಲ್ಲ. ಅವನು ಆರಿಸಬೇಕಾಗಿದ್ದದ್ದು ಹೆಗಡೆಯವರನ್ನಲ್ಲ, ಅಷ್ಟೆ.

ಆದರೆ ಹೆಗಡೆಯವರ ಸರ್ಕಾರದ ಅತಿ ದೊಡ್ಡ ಕೆಲಸ ಮಾಡಿದ ಮಂತ್ರಿ ಬಂದದ್ದು ಇದೇ ಗುಂಡ್ಲುಪೇಟೆಯಿಂದ. ಅಬ್ದುಲ್ ನಜೀರ್ ಸಾಬ್. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅವರದು. ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದ ಭರಾಟೆಗೆ ಜನ ‘ನೀರ್ ಸಾಬ್’ ಎಂದೇ ಕರೆದರು. ನೀಲಗಿರಿಯ ಮಳೆನೆರಳಿನ ಗುಂಡ್ಲುಪೇಟೆ ಸೀಮೆಯಲ್ಲಿ ಹುಟ್ಟಿದವನಿಗೆ ನೀರಿನ ಕಷ್ಟವನ್ನು ಅಧಿಕಾರಿಗಳ ಕಡತದಿಂದ ತಿಳಿಯಬೇಕಾಗಿರಲಿಲ್ಲ. ಹುರುಳಿ, ಜೋಳ, ರಾಗಿ ಬೆಳೆದು ಆಕಾಶ ನೋಡುವ ಹೊಲಗಳವು. ಬೇಸಿಗೆ ಬಂದರೆ ಹೆಂಗಸರ ದಿನದ ಅರ್ಧ ಬಿಂದಿಗೆ ಹೊರುವುದರಲ್ಲೇ ಹೋಗುತ್ತಿತ್ತು. ಊರಿನ ನಡುವೆ ಸಿಮೆಂಟು ಕಟ್ಟೆಯ ಮೇಲೆ ಒಂದು ಕೈಪಂಪು, ಅದರ ಉದ್ದನೆಯ ಹಿಡಿಗೆ ಜೋತುಬಿದ್ದು ನಾಲ್ಕು ಸಲ ಒತ್ತಿದ ಮೇಲೆ ಒಳಗಿನಿಂದ ಗೊರಗೊರ ಸದ್ದು, ಆಮೇಲೆ ನೀರು. 1985ರ ನಂತರದ ಬರದ ವರ್ಷಗಳಲ್ಲಿ ಸರ್ಕಾರ ಎಂದರೆ ಹಲವು ಹಳ್ಳಿಗಳಿಗೆ ಈ ಪಂಪೇ.

ನಜೀರ್ ಸಾಬರ ಇನ್ನೊಂದು ಕೆಲಸ ರಾಜೀನಾಮೆಯ ಹೊತ್ತಿಗೆ ತೂಗುಯ್ಯಾಲೆಯಲ್ಲಿತ್ತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಮಸೂದೆ 1983ರಲ್ಲೇ ಸಿದ್ಧವಾಗಿ, ರಾಷ್ಟ್ರಪತಿಗಳ ಅಂಕಿತಕ್ಕೆ ದಿಲ್ಲಿಗೆ ಹೋಗಿತ್ತು. ಜಿಲ್ಲೆಯ ಆಡಳಿತವನ್ನು ಆರಿಸಿ ಬಂದವರ ಕೈಗೆ ಕೊಡುವುದು, ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಸಚಿವನ ದರ್ಜೆ, ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲು. ಜಿಲ್ಲಾಧಿಕಾರಿಯ ಜೀಪು ಬಂದರೆ ಎದ್ದು ನಿಂತು ಕೈಮುಗಿಯುತ್ತಿದ್ದ ಕಾಲಕ್ಕೆ ಇದು ಸಣ್ಣ ಮಾತಲ್ಲ. ಡಿಸೆಂಬರ್ 29ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಾಗ ಮಸೂದೆ ಇನ್ನೂ ದಿಲ್ಲಿಯಲ್ಲೇ ಇತ್ತು. ಮಾರ್ಚಿನಲ್ಲಿ ಕಾಂಗ್ರೆಸ್ ಗೆದ್ದಿದ್ದರೆ ಆ ಕಡತದ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ವಿಧಾನಸಭೆ ವಿಸರ್ಜನೆಯಾದರೂ ನಜೀರ್ ಸಾಬರ ಸದಸ್ಯತ್ವಕ್ಕೆ ಏನೂ ಆಗಲಿಲ್ಲ, ಅವರು ವಿಧಾನ ಪರಿಷತ್ತಿನವರು. ಪರಿಷತ್ತು ವಿಸರ್ಜನೆಯಾಗುವ ಮನೆಯಲ್ಲ. ಆದರೆ ಅವರ ಕನಸು ಮಾತ್ರ ಪೂರ್ತಿಯಾಗಿ ಪಣಕ್ಕೆ ಬಿದ್ದಿತ್ತು.

ಅಂಕಿತ ಬಂದದ್ದು 1985ರಲ್ಲಿ, ಹೆಗಡೆ ಮರಳಿ ಗೆದ್ದ ಮೇಲೆ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಊರೂರಿನಲ್ಲಿ ಮಂಡಲ ಪ್ರಧಾನರು ಹುಟ್ಟಿಕೊಂಡರು. ಮನೆ ಹೊಸ್ತಿಲಿನ ಆಚೆ ಮಾತಾಡದ ಹೆಂಗಸರು ಸಭೆಯ ಬೆಂಚಿನ ಮೇಲೆ ಬಂದು ಕುಳಿತರು. ಕೆಲವರ ಹಿಂದೆ ಗಂಡ ನಿಂತು ಮಾತು ಹೇಳಿಕೊಡುತ್ತಿದ್ದ ಎಂಬುದೂ ನಿಜ, ಎರಡನೆಯ ವರ್ಷಕ್ಕೆ ಅಂಥ ಕೆಲವರು ಗಂಡನನ್ನು ಹೊರಗೆ ಕೂರಿಸಿದ್ದೂ ನಿಜ. ದೇಶಕ್ಕೆ 73ನೇ ತಿದ್ದುಪಡಿ ಬರಲು ಇನ್ನೂ ಐದಾರು ವರ್ಷ ಇತ್ತು. ನನ್ನ ಮಟ್ಟಿಗೆ 1984ರ ರಾಜೀನಾಮೆಯ ನಿಜವಾದ ಫಲ 139 ಎಂಬ ಸಂಖ್ಯೆಯಲ್ಲ, ಈ ಕಾಯ್ದೆ ಬದುಕಿ ಉಳಿದದ್ದು. ನಜೀರ್ ಸಾಬ್ 1988ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ.

ಹೆಗಡೆಯವರ ರಾಜೀನಾಮೆಗಳು ಅದೊಂದಕ್ಕೇ ನಿಲ್ಲಲಿಲ್ಲ. 1986ರ ಫೆಬ್ರುವರಿ 13ರಂದು ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟ್ ಟೀಕಿಸಿದ್ದಕ್ಕೆ ರಾಜೀನಾಮೆ ಕೊಟ್ಟರು, ಮೂರು ದಿನದಲ್ಲಿ ಮರಳಿದರು. 1988ರ ಆಗಸ್ಟ್ 10ರಂದು ಟೆಲಿಫೋನ್ ಕದ್ದಾಲಿಕೆ ಪ್ರಕರಣದಲ್ಲಿ ಕೊಟ್ಟರು, ಮತ್ತೆ ಆ ಕುರ್ಚಿಗೆ ಬರಲಿಲ್ಲ. ಒಟ್ಟು ಮೂರು. ಎರಡನೆಯದು ಅವಸರದ್ದು, ಮೂರೇ ದಿನದಲ್ಲಿ ವಾಪಸಾಗುವುದಾದರೆ ಹೋಗುವುದೇಕೆ ಎಂದು ಆಗಲೇ ಜನ ಆಡಿಕೊಂಡರು. ಮೂರನೆಯದು ಒತ್ತಾಯದ್ದು. ಮೊದಲನೆಯದೊಂದರಲ್ಲೇ ಅವರು ತಮ್ಮನ್ನು ಪೂರ್ತಿಯಾಗಿ ಮತದಾರನ ಕೈಗೆ ಒಪ್ಪಿಸಿದ್ದು. ಮೂರನ್ನೂ ಒಂದೇ ಪೀಠದಲ್ಲಿಟ್ಟು ಪೂಜಿಸುವವರು ಈ ವ್ಯತ್ಯಾಸ ಮರೆಯುತ್ತಾರೆ.

ಆಮೇಲೂ ಸೋತವರು ರಾಜೀನಾಮೆ ಕೊಟ್ಟದ್ದುಂಟು. 2014ರಲ್ಲಿ ಬಿಹಾರದ 40 ಸ್ಥಾನಗಳಲ್ಲಿ ಎರಡು ಮಾತ್ರ ಗೆದ್ದ ನಿತೀಶ್ ಕುಮಾರ್ ಮುಖ್ಯಮಂತ್ರಿ ಪದವಿ ಬಿಟ್ಟರು. ಆದರೆ ಕುರ್ಚಿಯ ಮೇಲೆ ತಮ್ಮವರನ್ನೇ ಕೂರಿಸಿ, ವರ್ಷ ತುಂಬುವ ಮುಂಚೆ ಎಬ್ಬಿಸಿ ತಾವೇ ಕುಳಿತರು. 2019ರ ಡಿಸೆಂಬರ್ 9ರಂದು, ಕರ್ನಾಟಕದ 15 ಕ್ಷೇತ್ರಗಳ ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದ ದಿನವೇ, ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕ ಸಿದ್ದರಾಮಯ್ಯ ಮತ್ತು ಪ್ರದೇಶ ಅಧ್ಯಕ್ಷ ದಿನೇಶ್ ಗುಂಡೂರಾವ್ ಹೈಕಮಾಂಡಿಗೆ ರಾಜೀನಾಮೆ ಪತ್ರ ಕಳಿಸಿದರು. ಪತ್ರಗಳು ದಿಲ್ಲಿಯಲ್ಲಿ ತಿಂಗಳುಗಟ್ಟಲೆ ಕುಳಿತವು. 2020ರ ಮಾರ್ಚಿನಲ್ಲಿ ಅಧ್ಯಕ್ಷರು ಬದಲಾದರು, ಸಿದ್ದರಾಮಯ್ಯ ಶಾಸಕಾಂಗ ಪಕ್ಷದ ನಾಯಕರಾಗಿಯೇ ಉಳಿದರು. ಅರಸರನ್ನು ಇಳಿಸಿ ಬಂದ ಗುಂಡೂರಾಯರ ಮಗ ಸೋಲಿನ ಹೊಣೆ ಹೊತ್ತು ಪತ್ರ ಬರೆದದ್ದು ಕರ್ನಾಟಕದ ರಾಜಕೀಯಕ್ಕೆ ಹೊಂದುವಂಥ ವಿಚಿತ್ರ.

ಹೆಗಡೆ ಕಟ್ಟಿಕೊಟ್ಟ ಬಹುಮತ ಹೆಚ್ಚು ದಿನ ಬಾಳಲಿಲ್ಲ. ದೇವೇಗೌಡರ ಜೊತೆ ಜಗಳ, ಒಳಗೊಳಗೆ ಗುಂಪು. 1989ರ ಏಪ್ರಿಲ್ 21ರಂದು, ಹೆಗಡೆಯವರ ನಂತರ ಬಂದ ಬೊಮ್ಮಾಯಿ ಸರ್ಕಾರ ವಜಾ ಆಯಿತು. ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ. ಈ ಸಲ ಬೇರ್ಪಡಿಸಿ ನೋಡುವ ಗೋಜಿಗೆ ಮತದಾರ ಹೋಗಲಿಲ್ಲ. ವಿಧಾನಸಭೆಯಲ್ಲಿ ಕಾಂಗ್ರೆಸ್ 178, ಹೆಗಡೆಯವರ ಹೊಸ ಪಕ್ಷ ಜನತಾದಳ 24. ಎರಡು ವರ್ಷದ ಮೇಲೆ ಹೆಗಡೆಯವರೇ ಬಾಗಲಕೋಟೆಯಲ್ಲಿ ಲೋಕಸಭೆಗೆ ನಿಂತು ಸಿದ್ದು ನ್ಯಾಮಗೌಡರ ಎದುರು ಸೋತರು. ಬಿಡುವುದಕ್ಕೆ ಆಗ ಅವರ ಬಳಿ ಯಾವ ಕುರ್ಚಿಯೂ ಇರಲಿಲ್ಲ.

1989ರಲ್ಲೂ ಗುಂಡ್ಲುಪೇಟೆ ನಾಗರತ್ನಮ್ಮನವರದೇ. ಅವರು 1993ರಲ್ಲಿ ತೀರಿಕೊಂಡರು. ಮರುವರ್ಷದ ಚುನಾವಣೆಯಲ್ಲಿ ಜನತಾದಳ ಮತ್ತೆ ಎದ್ದು ಬಂತು, ದೇವೇಗೌಡರು ಮುಖ್ಯಮಂತ್ರಿಯಾದರು. ಆ ಸಲ ಗುಂಡ್ಲುಪೇಟೆಯೂ ದಳಕ್ಕೆ ಒಲಿಯಿತು, ಗೆದ್ದವರು ಎಚ್.ಎಸ್. ಮಹದೇವ ಪ್ರಸಾದ್. ಮುಂದೆ ಅವರೂ ಬೇರೆ ಬೇರೆ ಪಕ್ಷಗಳಿಂದ ಐದು ಸಲ ಸತತವಾಗಿ ಗೆದ್ದರು, ಕೊನೆಯ ಎರಡು ಸಲ ನಾಗರತ್ನಮ್ಮನವರ ಹಸ್ತದ ಗುರುತಿನ ಮೇಲೆಯೇ.